ನನ್ನ ಕೆಲಸ ಯಾವುದು ಅಂತ ಗೊತ್ತಾಗಿದ್ದು ಜಮೀನಿನ ಬದುವಿನ ಮೇಲೆ

ನಾನು ಪರವಾನಗಿ ಭೂಮಾಪಕ. ತಿಪಟೂರು ಕಡೆಯ ಹಳ್ಳಿಗಳಲ್ಲಿ ಜಮೀನು ಅಳೆದು ನಕ್ಷೆ ಮಾಡಿಕೊಡುತ್ತೇನೆ. ಊರಲ್ಲಿ ಎಲ್ಲರೂ ಸರ್ವೇಯರ್ ಅಂತಲೇ ಕರೆಯೋದು. ಈ ಕೆಲಸಕ್ಕೆ ಬಂದಾಗ ನನಗೆ 29 ವರ್ಷ. ಅದಕ್ಕೂ ಮೊದಲು ಏಳು ವರ್ಷ "ನಾನು ಏನು ಮಾಡಬೇಕು" ಅಂತ ಯೋಚನೆ ಮಾಡುತ್ತಲೇ ಇದ್ದೆ. ಇವತ್ತಿಗೂ ಹುಡುಗರು, ಅವರ ಅಪ್ಪ ಅಮ್ಮಂದಿರು ಇದನ್ನೇ ಕೇಳುತ್ತಾರೆ. ಅದಕ್ಕೆ ನನಗೆ ಹೇಗೆ ಗೊತ್ತಾಯಿತು ಅನ್ನೋದನ್ನು ಬರೆದಿಡೋಣ ಅನ್ನಿಸಿತು.

ಓದಿದ್ದು ಸಿವಿಲ್ ಬಿ.ಇ. ಮುಗಿದ ತಕ್ಷಣ ಬೆಂಗಳೂರಿನ ಒಂದು ಡಿಸೈನ್ ಆಫೀಸಿನಲ್ಲಿ ಕೆಲಸ ಸಿಕ್ಕಿತು. ದಿನವಿಡೀ ಆಟೋಕ್ಯಾಡ್‌ನಲ್ಲಿ ಕಂಬ, ತೊಲೆ, ಕಬ್ಬಿಣದ ವಿವರ ಬರೆಯೋದು. ಕೆಲಸ ಕೆಟ್ಟದ್ದಾಗಿರಲಿಲ್ಲ, ಜೊತೆಗಿದ್ದವರೂ ಒಳ್ಳೆಯವರೇ. ಆದರೆ ನಾಲ್ಕು ವರ್ಷದಲ್ಲಿ ನಾನು ಬರೆದ ಕಟ್ಟಡಗಳಲ್ಲಿ ಒಂದನ್ನೂ ಕಣ್ಣಾರೆ ನೋಡಲಿಲ್ಲ. ಅದರಲ್ಲಿ ಯಾರು ಇರುತ್ತಾರೆ ಅನ್ನೋದೂ ಗೊತ್ತಿರಲಿಲ್ಲ. ಸಂಜೆ ರೂಮಿಗೆ ಬಂದರೆ ಮೈ ದಣಿದಿರುತ್ತಿರಲಿಲ್ಲ, ಆದರೂ ಏನೂ ಬೇಡ ಅನ್ನಿಸುತ್ತಿತ್ತು. ಇದಕ್ಕೆ ಕಾರಣ ಏನು ಅಂತ ಆಗ ಗೊತ್ತಾಗಲಿಲ್ಲ. ಸಂಬಳ ಕಮ್ಮಿ, ಅದಕ್ಕೇ ಹೀಗೆ ಅಂದುಕೊಂಡೆ.

ಆಮೇಲೆ ಕೆಲಸ ಬಿಟ್ಟು ಎರಡು ವರ್ಷ ಕೆಎಎಸ್ ಪರೀಕ್ಷೆಗೆ ಓದಿದೆ. ವಿಜಯನಗರದಲ್ಲಿ ರೂಮು, ಬೆಳಗ್ಗೆ ಲೈಬ್ರರಿ, ಸಂಜೆ ಕೋಚಿಂಗ್. ಆ ಓದು ನನಗೆ ಬೇಜಾರಾಗಲಿಲ್ಲ. ಆದರೆ ಒಂದು ದಿನ ಪರಿಚಯದ ಅಧಿಕಾರಿಯೊಬ್ಬರನ್ನು "ನಿಮ್ಮ ಒಂದು ದಿನ ಹೇಗಿರುತ್ತೆ ಸಾರ್" ಅಂತ ಕೇಳಿದೆ. ಅವರು ಬಿಡಿಸಿ ಬಿಡಿಸಿ ಹೇಳಿದರು. ಸಭೆ, ವಿಡಿಯೋ ಕಾನ್ಫರೆನ್ಸ್, ಕಡತ, ಮತ್ತೆ ಸಭೆ. ಅವರಿಗೆ ಅದು ಇಷ್ಟ, ಹೇಳುವಾಗ ಮುಖದಲ್ಲೇ ಕಾಣುತ್ತಿತ್ತು. ನನಗೆ ಮಾತ್ರ ಅದರಲ್ಲಿ ಒಂದು ಗಂಟೆಯೂ ಬೇಕು ಅನ್ನಿಸಲಿಲ್ಲ. ನನಗೆ ಬೇಕಾಗಿದ್ದು ಆ ಹುದ್ದೆಯ ಹೆಸರು, ಅಪ್ಪ ಊರಲ್ಲಿ ತಲೆ ಎತ್ತಿ ನಡೆಯೋದು. ಆ ಹುದ್ದೆಯ ಬೆಳಗ್ಗೆ ಹತ್ತರಿಂದ ಸಂಜೆ ಆರರವರೆಗಿನ ಕೆಲಸ ನನಗೆ ಬೇಕಾಗಿರಲಿಲ್ಲ. ಇದು ಅರ್ಥವಾದ ರಾತ್ರಿ ನಿದ್ದೆ ಬರಲಿಲ್ಲ, ಯಾಕೆಂದರೆ ಮುಂದೆ ಏನು ಅಂತ ಗೊತ್ತಿರಲಿಲ್ಲ, ಮನೆಯಲ್ಲಿ ಏನು ಹೇಳೋದು ಅಂತಲೂ ಗೊತ್ತಿರಲಿಲ್ಲ.

ಅದೇ ಹೊತ್ತಿಗೆ ಊರಿನಿಂದ ಫೋನ್ ಬಂತು. ನಮ್ಮ ತಾತನ ಜಮೀನು ಒಂದೇ ಸರ್ವೆ ನಂಬರ್‌ನಲ್ಲಿ 6 ಎಕರೆ 12 ಗುಂಟೆ. ಅಪ್ಪ, ದೊಡ್ಡಪ್ಪ, ಚಿಕ್ಕಪ್ಪ ಬಾಯಿಮಾತಲ್ಲಿ ಮೂರು ಸಮಪಾಲು ಮಾಡಿಕೊಂಡು ಉಳುತ್ತಿದ್ದರು, ಪಹಣಿ ಮಾತ್ರ ಜಂಟಿಯಲ್ಲೇ ಇತ್ತು. ದೊಡ್ಡಪ್ಪನಿಗೆ ಮಗಳ ಮದುವೆಗೆ ಒಂದು ತುಂಡು ಮಾರಬೇಕಿತ್ತು. ಸರ್ವೆ ನಂಬರ್‌ನ ಒಂದು ಭಾಗ ನೋಂದಣಿ ಆಗಬೇಕಾದರೆ 11ಇ ನಕ್ಷೆ, ಅಂದರೆ ಮಾರುವ ತುಂಡನ್ನು ಅಳೆದು ತೋರಿಸುವ ನಕ್ಷೆ ಬೇಕು, ಅದಕ್ಕೆ ಅಳತೆ ಆಗಲೇಬೇಕು. ಅಳತೆ ಅಂದರೆ ನಮ್ಮ ಮನೆಯಲ್ಲಿ ಎಲ್ಲರಿಗೂ ಭಯ. ಅಪ್ಪ ಮತ್ತು ದೊಡ್ಡಪ್ಪನ ನಡುವಿನ ಬದುವಿನ ಮೇಲೆ ಎರಡು ತೆಂಗಿನಮರ ಇದ್ದವು, ಆ ಮರಗಳ ವಿಷಯಕ್ಕೆ ಎಂಟು ವರ್ಷದಿಂದ ಇಬ್ಬರಿಗೂ ಮಾತಿಲ್ಲ.

ಸರ್ವೇಯರ್ ಬಂದರು. ಐವತ್ತು ದಾಟಿದ ಮನುಷ್ಯ, ಕಡಿಮೆ ಮಾತು. ಜೊತೆಗೆ ಬರಬೇಕಿದ್ದ ಸಹಾಯಕ ಬಂದಿರಲಿಲ್ಲ. "ಏನಪ್ಪಾ, ನೀನು ಓದಿದೋನಲ್ವಾ, ಈ ತುದಿ ಹಿಡ್ಕೋ" ಅಂತ ಟೇಪಿನ ತುದಿ ನನ್ನ ಕೈಗೆ ಕೊಟ್ಟರು.

ಅವರು ಹಳೇ ಟಿಪ್ಪಣಿಯ, ಅಂದರೆ ಮೊದಲ ಸರ್ವೆಯಲ್ಲಿ ಬರೆದಿಟ್ಟ ಅಳತೆ ದಾಖಲೆಯ ನಕಲು ಬಿಚ್ಚಿದರು. ಮೈಸೂರು ಸಂಸ್ಥಾನದಲ್ಲಿ 1860ರ ದಶಕದಲ್ಲಿ ಶುರುವಾದ ಕಂದಾಯ ಸರ್ವೆಯ ಲೆಕ್ಕವೇ ಇವತ್ತಿಗೂ ನಮಗೆ ಬುನಾದಿ ಅಂತ ಅವತ್ತೇ ಮೊದಲು ಕೇಳಿದ್ದು. ಅದರಲ್ಲಿ ಅಡಿ, ಮೀಟರ್ ಏನೂ ಇಲ್ಲ. ಸರಪಳಿ ಮತ್ತು ಆಣೆ. ಒಂದು ಸರಪಳಿ 33 ಅಡಿ, ಅದರಲ್ಲಿ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಅಂದರೆ ಒಂದು ಗುಂಟೆ, 1,089 ಚದರ ಅಡಿ. ಅಂಥ 40 ಗುಂಟೆಗೆ ಒಂದು ಎಕರೆ. ನಾನು ಬಿ.ಇ.ಯಲ್ಲಿ ಸರ್ವೆ ವಿಷಯದಲ್ಲಿ ಒಳ್ಳೆ ಅಂಕ ತೆಗೆದವನು, ಆದರೆ ನಮ್ಮ ತಾತ "ಗುಂಟೆ" ಅನ್ನುತ್ತಿದ್ದ ಮಾತಿನೊಳಗೆ ಇಷ್ಟು ಚೊಕ್ಕವಾದ ಲೆಕ್ಕ ಇದೆ ಅಂತ ಗೊತ್ತೇ ಇರಲಿಲ್ಲ. ನಿಜವಾಗಿ ಮೈ ಜುಮ್ಮೆಂದಿತು.

ಮೂಲೆಯ ಬಾಂದು ಕಲ್ಲು ಕಾಣುತ್ತಿರಲಿಲ್ಲ. ಅವರು ಲೆಕ್ಕ ಹಾಕಿ, ಬೇಲಿ ಪೊದೆಯ ಒಳಗೆ ಒಂದು ಜಾಗ ತೋರಿಸಿ "ಇಲ್ಲಿ ಅಗೀರಿ" ಅಂದರು. ಚಿಕ್ಕಪ್ಪ ಹಾರೆ ಹಾಕಿದರು. ಮೊಣಕಾಲುದ್ದ ಹೋದ ಮೇಲೆ ಠಣ್ ಅಂತ ಶಬ್ದ. ಕಲ್ಲು ಅಲ್ಲೇ ಇತ್ತು. ಅಲ್ಲಿ ನಿಂತಿದ್ದ ಅಷ್ಟೂ ಜನ ಒಂದು ಕ್ಷಣ ಮಾತಾಡಲಿಲ್ಲ.

ಕಲ್ಲಿನಿಂದ ಅಳೆದು, ಸಮಪಾಲಿನ ಗೆರೆ ಹಾಕಿಕೊಂಡು ಬಂದಾಗ ಗೊತ್ತಾಯಿತು: ಬದು ವರ್ಷ ವರ್ಷ ಉಳುಮೆಯಲ್ಲಿ ಐದಡಿ ಸರಿದಿದೆ. ಐದು ಸರಪಳಿ ಉದ್ದಕ್ಕೆ ಐದಡಿ ಅಗಲ. ಅಂದರೆ 825 ಚದರ ಅಡಿ, ಮುಕ್ಕಾಲು ಗುಂಟೆ. ಒಂದು ಮರ ನಮ್ಮ ಕಡೆಗೆ, ಒಂದು ದೊಡ್ಡಪ್ಪನ ಕಡೆಗೆ ಬಂತು. ಸರ್ವೇಯರ್ ಯಾರಿಗೂ ಬುದ್ಧಿ ಹೇಳಲಿಲ್ಲ. ಟಿಪ್ಪಣಿಯ ಮೇಲೆ ಬೆರಳಿಟ್ಟು ಇಬ್ಬರಿಗೂ ಒಂದೊಂದು ಆಣೆ ಎಣಿಸಿ ತೋರಿಸಿದರು, ದೊಡ್ಡಪ್ಪನಿಗೆ ಅರ್ಥವಾಗದಿದ್ದಾಗ ಮತ್ತೆ ಮೊದಲಿಂದ ತೋರಿಸಿದರು, ಮೂರನೇ ಸಲವೂ ತೋರಿಸಿದರು. ದೊಡ್ಡಪ್ಪ ಮಹಜರಿಗೆ ಸಹಿ ಹಾಕಿ, ಪೆನ್ನು ಅಪ್ಪನ ಕೈಗೆ ಕೊಟ್ಟು "ಹಾಕಪ್ಪ" ಅಂದರು. ಎಂಟು ವರ್ಷದ ಮೇಲೆ ಆಡಿದ ಮೊದಲ ಮಾತು ಅದು.

ಅವತ್ತು ಸಂಜೆ ನನ್ನ ಕಾಲಿಗೆಲ್ಲ ಮುಳ್ಳು ಗೀರಿತ್ತು, ಕುತ್ತಿಗೆ ಸುಟ್ಟಿತ್ತು. ಆದರೆ ಆಫೀಸಿನಿಂದ ಬಂದಾಗ ಆಗುತ್ತಿದ್ದ ಆ "ಏನೂ ಬೇಡ" ಅನ್ನೋದು ಇರಲಿಲ್ಲ. ಊಟ ಮಾಡಿ, ಕಾಗದ ತೆಗೆದುಕೊಂಡು, ಆ ಸರ್ವೆ ನಂಬರ್‌ನ ನಕ್ಷೆಯನ್ನು ನೆನಪಿನಿಂದ ಬರೆಯುತ್ತಾ ಕೂತೆ. ಯಾರೂ ಬರಿ ಅಂದಿರಲಿಲ್ಲ.

ಒಂದು ದಿನದ ಖುಷಿ ನಂಬಿ ಹಾರಬಾರದು ಅಂತ ಅಷ್ಟು ಹೊತ್ತಿಗೆ ಕಲಿತಿದ್ದೆ. ಅದಕ್ಕೆ ಆ ಸರ್ವೇಯರ್ ಮನೆಗೆ ಹೋಗಿ "ಅಣ್ಣ, ದುಡ್ಡು ಬೇಡ, ಸುಮ್ನೆ ನಿಮ್ಮ ಜೊತೆ ಬರ್ತೀನಿ" ಅಂದೆ. ಎರಡು ತಿಂಗಳಲ್ಲಿ ಹನ್ನೊಂದು ದಿನ ಹೋದೆ. ಬೇಕಂತಲೇ ಬೇಜಾರಿನ ದಿನಗಳನ್ನೇ ಕೇಳಿ ಹೋದೆ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಧೂಳಿನ ಮಧ್ಯೆ ಒಂದು ಆಕಾರಬಂದ್ (ಸರ್ವೆ ನಂಬರ್‌ಗಳ ವಿಸ್ತೀರ್ಣ, ಕಂದಾಯ ಬರೆದ ದಾಖಲೆ) ಹುಡುಕಲು ಅರ್ಧ ದಿನ. ನೋಟಿಸ್ ಕೊಟ್ಟಿದ್ದರೂ ಪಕ್ಕದ ಜಮೀನಿನ ಬಾಜುದಾರರು ಬರದೆ ವಾಪಸ್ಸು ಬಂದ ದಿನ. ಏಪ್ರಿಲ್ ಬಿಸಿಲಲ್ಲಿ ಹಳ್ಳದ ಬ ಖರಾಬು (ಸಾಗುವಳಿ ಮಾಡದೆ ಸಾರ್ವಜನಿಕರಿಗೆ ಬಿಟ್ಟ ಜಾಗ) ಎಲ್ಲಿಗೆ ಮುಗಿಯುತ್ತೆ ಅಂತ ನಡೆದ ದಿನ. ಒಂದು ಊರಲ್ಲಂತೂ ಅಣ್ಣ ತಮ್ಮ ಕುಡುಗೋಲು ಹಿಡಿದು ನಿಂತುಬಿಟ್ಟರು, ನಾವು ಅಳತೆ ನಿಲ್ಲಿಸಿ ಬಂದೆವು. ಬಸ್ಸಿನಲ್ಲಿ ನನ್ನ ಕೈ ನಡುಗುತ್ತಿತ್ತು.

ಪ್ರತಿ ದಿನದ ಬಗ್ಗೆ ಒಂದು ನೋಟ್‌ಬುಕ್ಕಿನಲ್ಲಿ ಎರಡೇ ಸಾಲು ಬರೆಯುತ್ತಿದ್ದೆ. ಇವತ್ತು ಯಾವ ಹೊತ್ತಲ್ಲಿ ಗಡಿಯಾರ ನೋಡಿದೆ. ಮಾರನೇ ದಿನ ಬೆಳಗ್ಗೆ ಎದ್ದಾಗ ಮತ್ತೆ ಹೋಗಬೇಕು ಅನ್ನಿಸಿತಾ. ಎರಡನೇ ಸಾಲನ್ನು ಮಾರನೇ ದಿನ ಬೆಳಗ್ಗೆಯೇ ಬರೆಯಬೇಕು, ರಾತ್ರಿ ಬರೆದರೆ ಮನಸ್ಸು ಸುಳ್ಳು ಹೇಳುತ್ತೆ. ಹನ್ನೊಂದರಲ್ಲಿ ಒಂಬತ್ತು ದಿನ "ಹೌದು" ಅಂತಿತ್ತು. ಕುಡುಗೋಲಿನ ದಿನವೂ ಹೌದು. ಯಾಕೆ ಅಂತ ಯೋಚಿಸಿದಾಗ ನನಗೇ ಆಶ್ಚರ್ಯವಾಯಿತು. ನನಗೆ ಇಷ್ಟ ನಕ್ಷೆ ಅಂತ ಅಂದುಕೊಂಡಿದ್ದೆ. ನಕ್ಷೆ ಇಷ್ಟವೇ, ಆದರೆ ಅದು ಡಿಸೈನ್ ಆಫೀಸಿನಲ್ಲೂ ಇತ್ತಲ್ಲ. ಅಲ್ಲಿ ಇಲ್ಲದೇ ಇದ್ದದ್ದು ಎದುರಿಗೆ ನಿಂತ ಮನುಷ್ಯ. ಕೋಪದಲ್ಲಿ ಬಂದವನ ಮಾತನ್ನು ಒಂದು ಗಂಟೆ ಕೇಳಿಸಿಕೊಂಡು, ಆಮೇಲೆ ಟಿಪ್ಪಣಿ ತೆಗೆದು ಲೆಕ್ಕ ತೋರಿಸುವ ಕೆಲಸ ನನಗೆ ಭಾರ ಅನ್ನಿಸುತ್ತಿರಲಿಲ್ಲ. ಬೇರೆಯವರಿಗೆ ತಲೆನೋವು ಅನ್ನಿಸುವ ಆ ಭಾಗವೇ ನನ್ನನ್ನು ಮಾರನೇ ದಿನ ಎಬ್ಬಿಸುತ್ತಿತ್ತು. ಮನೆಯಲ್ಲಿ ಕೂತು ಎಷ್ಟು ವರ್ಷ ಯೋಚಿಸಿದ್ದರೂ ಇದು ನನಗೆ ಹೊಳೆಯುತ್ತಿರಲಿಲ್ಲ. ಆನ್‌ಲೈನ್‌ನಲ್ಲಿ ಮೂರು ನಾಲ್ಕು ಪರೀಕ್ಷೆ ಮಾಡಿಕೊಂಡಿದ್ದೆ, ಅವು ಕೊಟ್ಟಿದ್ದು ಬರೀ ಕೆಲಸಗಳ ಹೆಸರು. ಹೆಸರಿನಿಂದ ಒಳಗಿನ ಕೆಲಸ ಕಾಣಲ್ಲ.

ಮನೆಯಲ್ಲಿ ಹೇಳಿದಾಗ ಅಮ್ಮ ಅತ್ತರು. "ಬಿ.ಇ. ಮಾಡಿ ಸರಪಳಿ ಎಳೆಯೋಕೆ ಹೋಗ್ತೀಯಾ" ಅಂದರು. ಅವರ ಮೇಲೆ ನನಗೆ ಕೋಪ ಬರಲಿಲ್ಲ. ಸಾಲ ಮಾಡಿ ಓದಿಸಿದವರು, ಅವರಿಗೆ ಹೆದರಿಕೆ ಇದ್ದೇ ಇರುತ್ತೆ. ಅದಕ್ಕೆ ತಕ್ಷಣ ಹಾರಲಿಲ್ಲ. ಮತ್ತೆ ಬೆಂಗಳೂರಿಗೆ ಹೋಗಿ ಇನ್ನೊಂದು ಕಡೆ ಡ್ರಾಯಿಂಗ್ ಕೆಲಸ ಮಾಡಿ, ಎಂಟು ತಿಂಗಳ ಖರ್ಚಿನಷ್ಟು ದುಡ್ಡು ಕೂಡಿಟ್ಟೆ. ಭೂಮಾಪನ ಇಲಾಖೆಯಿಂದ ಅರ್ಜಿ ಕರೆದಾಗ ಹಾಕಿದೆ, ತರಬೇತಿ, ಪರೀಕ್ಷೆ ಮುಗಿಸಿ ಪರವಾನಗಿ ತೆಗೆದುಕೊಂಡೆ.

ದುಡ್ಡಿನ ವಿಷಯ ಮುಚ್ಚಿಡಲ್ಲ. ಇದು ಸರ್ಕಾರಿ ನೌಕರಿ ಅಲ್ಲ, ತಿಂಗಳ ಸಂಬಳ ಇಲ್ಲ, ಫೈಲಿಗೆ ಇಷ್ಟು ಅಂತ. ಮೊದಲ ವರ್ಷ ಬೆಂಗಳೂರಿನ ಸಂಬಳದ ಅರ್ಧವೂ ಆಗಲಿಲ್ಲ. ಮಳೆಗಾಲದಲ್ಲಿ ಪೈರು ನಿಂತಾಗ ಕೆಲಸ ಕಮ್ಮಿ. ಕೂಡಿಟ್ಟ ಆ ದುಡ್ಡು ಇಲ್ಲದಿದ್ದರೆ ನಾನು ಆರನೇ ತಿಂಗಳಿಗೇ ವಾಪಸ್ಸು ಹೋಗುತ್ತಿದ್ದೆ, ಆಮೇಲೆ "ಈ ಕೆಲಸ ನನಗೆ ಆಗಿಬರಲ್ಲ" ಅಂತ ತಪ್ಪಾಗಿ ತಿಳಿದುಕೊಳ್ಳುತ್ತಿದ್ದೆ. ನನ್ನ ಜೊತೆ ತರಬೇತಿ ಪಡೆದ ಒಬ್ಬ ಗೆಳೆಯನಿಗೆ ಹೀಗೇ ಆಯಿತು. ಅವನು ನನಗಿಂತ ಚೆನ್ನಾಗಿ ಅಳೆಯುತ್ತಿದ್ದ. ಅದಕ್ಕೇ ನನ್ನನ್ನು ಕೇಳುವವರಿಗೆ ಮೊದಲು ಈ ಎಂಟು ತಿಂಗಳ ಮಾತು ಹೇಳುತ್ತೇನೆ, ಮನಸ್ಸಿನ ಮಾತು ಆಮೇಲೆ.

ಈಗ ರೋವರ್ ಅನ್ನೋ ಅಳತೆ ಯಂತ್ರ ಬಂದಿದೆ, ಉಪಗ್ರಹದ ಸಂಕೇತ ಹಿಡಿದು ಕ್ಷಣದಲ್ಲಿ ಬಿಂದು ಕೊಡುತ್ತೆ. ಮೊದಲು ಇಡೀ ದಿನ ಹಿಡಿಯುತ್ತಿದ್ದ ಅಳತೆ ಎಷ್ಟೋ ಬೇಗ ಮುಗಿಯುತ್ತೆ. "ನಿಮ್ಮ ಕೆಲಸ ಹೋಗುತ್ತಾ" ಅಂತ ಕೇಳುತ್ತಾರೆ. ನನಗಂತೂ ಹಾಗೆ ಅನ್ನಿಸಿಲ್ಲ. ಯಂತ್ರ ಬಿಂದು ತೋರಿಸುತ್ತೆ, ಆ ಬಿಂದುವನ್ನು ಇಬ್ಬರು ಅಣ್ಣತಮ್ಮಂದಿರು ಒಪ್ಪಬೇಕಾದರೆ ಯಾರಾದರೂ ಅವರ ಜೊತೆ ಬದುವಿನ ಮೇಲೆ ಕೂರಲೇಬೇಕು. ಉಳಿದ ಸಮಯವನ್ನು ನಾನು ಅದಕ್ಕೇ ಕೊಡುತ್ತಿದ್ದೇನೆ.

ಕಳೆದ ತಿಂಗಳು ನಮ್ಮ ಪಕ್ಕದ ಬೀದಿಯ ಒಬ್ಬ ಹುಡುಗ ಬಂದ. ಪಿಯುಸಿ ಮುಗಿಸಿದ್ದಾನೆ, ಮುಂದೆ ಏನು ಅಂತ ಗೊತ್ತಿಲ್ಲ, ಅವರಮ್ಮ ನನ್ನ ಹತ್ತಿರ ಕಳಿಸಿದ್ದರು. ನಾನು ಏನೂ ಹೇಳದೆ ಮೂರು ದಿನ ಜೊತೆಗೆ ಕರೆದುಕೊಂಡು ಹೋದೆ. ಮೊದಲ ದಿನ ಟೇಪು ಹಿಡಿದ. ಎರಡನೇ ದಿನ ಮಧ್ಯಾಹ್ನವೇ ನೆರಳು ಹುಡುಕಿ ಕೂತ. ಮೂರನೇ ದಿನ ಜಮೀನಿನ ಯಜಮಾನರಿಗೆ ತಲೆಸುತ್ತು ಬಂದು ಕೂತುಬಿಟ್ಟರು. ನಾವೆಲ್ಲ ಗಾಬರಿಯಲ್ಲಿ ನಿಂತಿದ್ದಾಗ ಈ ಹುಡುಗ ಅವರನ್ನು ಮರದಡಿ ಮಲಗಿಸಿ, ಬೆಳಗ್ಗೆ ಏನು ತಿಂದಿರಿ, ಶುಗರ್ ಇದೆಯಾ, ಮಾತ್ರೆ ತಗೊಂಡ್ರಾ ಅಂತ ಒಂದೊಂದೇ ಕೇಳಿ, ಅವರ ಮಗನಿಗೆ ಫೋನ್ ಮಾಡಿಸಿ, ಆಸ್ಪತ್ರೆಗೆ ಹೋಗುವವರೆಗೂ ಪಕ್ಕದಿಂದ ಏಳಲಿಲ್ಲ. ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಅದರದೇ ಮಾತು. ಅಳತೆಯ ಬಗ್ಗೆ ಒಂದು ಮಾತೂ ಇಲ್ಲ.

"ನಾಳೆ ಬರ್ತೀಯಾ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಇಲ್ಲ ಅಣ್ಣ" ಅಂದ. ಮನೆಗೆ ಬಂದ ಮೇಲೆ ನನಗೆ ಪರಿಚಯವಿರುವ ಒಬ್ಬ ನರ್ಸಿಂಗ್ ಆಫೀಸರ್‌ಗೆ ಫೋನ್ ಮಾಡಿದೆ, ಇವನು ಒಂದೆರಡು ದಿನ ಬಂದು ನಿಮ್ಮ ಕೆಲಸ ಹೇಗಿರುತ್ತೆ ಅಂತ ನೋಡಬಹುದಾ ಅಂತ ಕೇಳಿದೆ. ಮೇಲಿನವರನ್ನು ಕೇಳಿ ಹೇಳುತ್ತೇನೆ ಅಂದರು. ಹುಡುಗನಿಗೆ ಒಂದು ಹೊಸ ನೋಟ್‌ಬುಕ್ ಕೊಟ್ಟೆ, ಎರಡನೇ ಸಾಲನ್ನು ಬೆಳಗ್ಗೆಯೇ ಬರೀಬೇಕು ಅಂತ ಹೇಳಿ ಕಳಿಸಿದೆ.