ನೀರಿನ ಲೆಕ್ಕ ಹೇಳಿ ಲಾನ್ ಗಿರಾಕಿಗಳನ್ನು ಪಡೆದೆ

ಬಳ್ಳಾರಿಯಲ್ಲಿ ಲಾನ್ ನೋಡಿಕೊಳ್ಳುವ ಕೆಲಸಕ್ಕೆ ಗಿರಾಕಿ ಬೇಕೆಂದರೆ ಹುಲ್ಲಿನ ಮಾತಿಗಿಂತ ಮೊದಲು ನೀರಿನ ಮಾತು ಆಡಬೇಕು. ಮನೆಯ ಮುಂದೆ ಹಸಿರು ಬೇಡ ಎನ್ನುವವರು ಇಲ್ಲಿ ಕಡಿಮೆ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ನಲ್ಲಿ ನೀರಿಗೆ ದಿನಗಟ್ಟಲೆ ಕಾಯಬೇಕಾಗುತ್ತದೆ, ಬೋರ್‌ವೆಲ್ ನೀರು ಬಹಳ ಕಡೆ ಗಡಸು. ಹಾಗಾಗಿ ತಿಂಗಳಿಗೆ ಎಷ್ಟು ಹಣ ಎಂದು ಕೇಳುವ ಮುಂಚೆ ಜನ ಕೇಳುವುದು ಇದಕ್ಕೆ ಎಷ್ಟು ನೀರು ಬೇಕು ಎಂದು. ಅದಕ್ಕೆ ಲೀಟರ್ ಲೆಕ್ಕದಲ್ಲಿ ಉತ್ತರ ಕೊಡಲು ಶುರು ಮಾಡಿದ ಮೇಲೆಯೇ ನನ್ನ ಕೆಲಸ ಒಂದು ಓಣಿಯಿಂದ ಇನ್ನೊಂದು ಓಣಿಗೆ ಹಬ್ಬಿತು.

ಲೆಕ್ಕ ಸರಳ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಒಂದು ಲೀಟರ್. ನಮ್ಮ ಕಡು ಬೇಸಿಗೆಯಲ್ಲಿ ಬರ್ಮುಡಾ ಹುಲ್ಲಿಗೆ ದಿನಕ್ಕೆ ಸುಮಾರು ಐದು ಮಿಲಿಮೀಟರ್ ಎಂದು ಹಿಡಿಯುತ್ತೇನೆ. 500 ಚದರ ಅಡಿ ಎಂದರೆ 46 ಚದರ ಮೀಟರಿಗೆ ತುಸು ಹೆಚ್ಚು. ದಿನಕ್ಕೆ 230 ಲೀಟರ್ ಆಯಿತು. ಅದನ್ನು ದಿನಾ ಚಿಮುಕಿಸುವುದಕ್ಕಿಂತ ಎರಡು ದಿನದ್ದನ್ನು ಒಟ್ಟಿಗೆ, ಬೆಳಗ್ಗೆ ಬಿಸಿಲೇರುವ ಮುನ್ನ ನಿಧಾನವಾಗಿ ಕುಡಿಸಿದರೆ ಬೇರು ಆಳಕ್ಕೆ ಇಳಿಯುತ್ತದೆ. ಸಾವಿರ ಲೀಟರಿನ ಟ್ಯಾಂಕ್ ಇದ್ದವರಿಗೆ ಇದನ್ನು ಟ್ಯಾಂಕಿನ ಅಳತೆಯಲ್ಲೇ ಹೇಳುತ್ತೇನೆ: ಎರಡು ದಿನಕ್ಕೊಮ್ಮೆ ಅರ್ಧ ಟ್ಯಾಂಕಿನ ಹತ್ತಿರ. ಕೇಳಿದವರಲ್ಲಿ ಕೆಲವರು ಅಲ್ಲಿಯೇ ಬೇಡ ಎನ್ನುತ್ತಾರೆ. ಇನ್ನು ಕೆಲವರು ಜಾಗ ಕಡಿಮೆ ಮಾಡಿ, 200 ಅಡಿ ಹುಲ್ಲು ಸಾಕು, ಉಳಿದದ್ದಕ್ಕೆ ಕಲ್ಲು ಹಾಸಿ ಗಿಡ ಇಡೋಣ ಎನ್ನುತ್ತಾರೆ. ಆ ಎರಡನೆಯವರು ನನ್ನನ್ನು ಬಿಟ್ಟು ಹೋಗುವುದಿಲ್ಲ. ಮೇ ತಿಂಗಳಲ್ಲೂ ಅವರ ಲಾನ್ ಬದುಕಿರುತ್ತದೆ, ಗೇಟಿನ ಮುಂದೆ ಹೋಗುವವರು ನಿಂತು ನೋಡುತ್ತಾರೆ. ಬೇಸಿಗೆಯಲ್ಲಿ ಹಸಿರಾಗಿ ಉಳಿದ ಒಂದು ಅಂಗಳ ತಂದುಕೊಡುವಷ್ಟು ಕೆಲಸವನ್ನು ಯಾವ ಜಾಹೀರಾತೂ ತಂದುಕೊಡುವುದಿಲ್ಲ.

ನನಗೆ ಒಂದಿಡೀ ಓಣಿಯನ್ನೇ ಕೊಡಿಸಿದ್ದು ಹಳದಿಗಟ್ಟಿದ ಒಂದು ಲಾನ್. ಗಾಂಧಿನಗರದ ಕಡೆ ಒಬ್ಬ ವೈದ್ಯರ ಮನೆ. ಹುಲ್ಲು ಹಳದಿಯಾಗುತ್ತಿದೆ ಎಂದು ಹಿಂದಿನ ಕೆಲಸದವರು ಯೂರಿಯಾ ಮೇಲೆ ಯೂರಿಯಾ ಹಾಕಿದ್ದರು. ನಾನು ಕುಳಿತು ಎಲೆ ಕಿತ್ತು ನೋಡಿದೆ. ಹಳೆಯ ಎಲೆ ಹಸಿರಾಗಿತ್ತು, ಹೊಸ ಎಲೆಯಲ್ಲಿ ನರ ಮಾತ್ರ ಹಸಿರು, ನಡುವೆ ಹಳದಿ. ಇದು ಸಾರಜನಕದ ಕೊರತೆಯಲ್ಲ, ಕಬ್ಬಿಣದ್ದು. ಸುಣ್ಣದ ಅಂಶವಿರುವ ಎರೆ ಮಣ್ಣಿನಲ್ಲಿ, ಅದಕ್ಕೆ ಗಡಸು ನೀರೂ ಸೇರಿದರೆ, ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ಅದು ದಕ್ಕುವುದಿಲ್ಲ. ಸಂಡೂರಿನ ಅದಿರಿನ ಗುಡ್ಡಗಳ ಪಕ್ಕದ ಊರಿನಲ್ಲಿ ಹುಲ್ಲಿಗೆ ಕಬ್ಬಿಣ ಸಾಲದೇ ಎಂದು ಡಾಕ್ಟರ್ ಸಾಹೇಬರು ನಂಬಲೇ ಇಲ್ಲ. ಮೂಲೆಯಲ್ಲಿ ಒಂದು ಮಂಚದಷ್ಟು ಜಾಗ ಬಿಟ್ಟುಕೊಡಿ ಎಂದು ಕೇಳಿದೆ. ಲೀಟರ್ ನೀರಿಗೆ ಐದು ಗ್ರಾಂ ಅನ್ನಭೇದಿ, ಅಂದರೆ ಕಬ್ಬಿಣದ ಅಂಶವಿರುವ ಫೆರಸ್ ಸಲ್ಫೇಟ್, ಕರಗಿಸಿ ಸಂಜೆ ಸಿಂಪಡಿಸಿದೆ. ಮುಂದಿನ ವಾರ ಆ ಚೌಕ ಬೇರೆಯಾಗಿ ಎದ್ದು ಕಂಡಿತು. ಅವರೇ ಅಕ್ಕಪಕ್ಕದವರನ್ನು ಕರೆದು ತೋರಿಸಿದರು, ಆಮೇಲೆ ಸ್ನೇಹಿತರ ನರ್ಸಿಂಗ್ ಹೋಮಿಗೂ ನನ್ನ ನಂಬರ್ ಕೊಟ್ಟರು. ಇದನ್ನು ಮಾಡುವವರಿಗೆ ಒಂದು ಎಚ್ಚರಿಕೆ: ಅನ್ನಭೇದಿಯ ಹನಿ ಕಾಂಕ್ರೀಟ್ ಅಥವಾ ತಿಳಿಬಣ್ಣದ ಕಲ್ಲಿನ ಮೇಲೆ ಬಿದ್ದರೆ ತುಕ್ಕಿನ ಕಲೆ ಉಳಿಯುತ್ತದೆ, ಬಿದ್ದ ಕೂಡಲೇ ತೊಳೆಯಿರಿ.

ಇಡೀ ಲಾನ್ ನನಗೆ ಕೊಡಿ ಎಂದು ಯಾರನ್ನೂ ನಾನು ಮೊದಲ ಸಲವೇ ಕೇಳುವುದಿಲ್ಲ. ಒಂದು ಚೌಕ ಸಾಕು. ಮಾಡಿ ತೋರಿಸಿದ ಮೇಲೆ ನಂಬಿಕೆ ತಾನಾಗಿ ಬರುತ್ತದೆ.

ಖಾಲಿ ಸೈಟುಗಳಿಂದ ಬಂದ ಗಿರಾಕಿಗಳೂ ಕಡಿಮೆಯಲ್ಲ. ಹೊಸ ಬಡಾವಣೆಗಳಲ್ಲಿ ಮನೆಗಳ ನಡುವೆ ಖಾಲಿ ಜಾಗ ಬಹಳ. ಆಗಸ್ಟ್, ಸೆಪ್ಟೆಂಬರ್ ಮಳೆಗೆ ಅಲ್ಲಿ ಕಾಂಗ್ರೆಸ್ ಕಸ ಎದೆಮಟ್ಟ ಬೆಳೆಯುತ್ತದೆ, ಪಕ್ಕದ ಮನೆಯವರಿಗೆ ಹಾವಿನ ಭಯ. ಸೈಟಿನ ಮಾಲೀಕರು ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಇರುತ್ತಾರೆ. ಸುತ್ತಲಿನ ಮನೆಯವರು ಮಾಲೀಕರಿಗೆ ಫೋನ್ ಮಾಡಿ ಒಪ್ಪಿಗೆ ಪಡೆದು, ಹಣ ಕೂಡಿಸಿ ಕತ್ತರಿಸಲು ಕರೆಯುತ್ತಾರೆ. ಬ್ರಷ್ ಕಟರ್ ಸದ್ದು ಮಾಡುತ್ತಿದ್ದರೆ ಇಡೀ ಓಣಿ ಹೊರಗೆ ಬರುತ್ತದೆ. "ಅಣ್ಣಾ, ನಮ್ಮ ಅಂಗಳದ ಹುಲ್ಲನ್ನೂ ಒಮ್ಮೆ ನೋಡುತ್ತೀರಾ?" ಎಂದು ಕೇಳುವವರು ಅಲ್ಲೇ ಸಿಗುತ್ತಾರೆ. ಈ ಕಸವನ್ನು ಹೂ ಬಿಡುವ ಮುಂಚೆಯೇ ಕತ್ತರಿಸಬೇಕು. ಬೀಜವಾದ ಮೇಲೆ ಕತ್ತರಿಸಿದರೆ ಅದನ್ನು ನಾವೇ ಬಿತ್ತಿದಂತೆ. ಅದರ ಪರಾಗ ಅಲರ್ಜಿ ತರುತ್ತದೆ, ಆದ್ದರಿಂದ ಮುಖಕ್ಕೆ ಬಟ್ಟೆ, ಕೈಗೆ ಗವಸು ಇಲ್ಲದೆ ನಮ್ಮ ಹುಡುಗರನ್ನು ನಾನು ಇಳಿಸುವುದಿಲ್ಲ.

ನರ್ಸರಿಯವರೂ ಗೌಂಡಿಗಳೂ ಗಿರಾಕಿ ಕಳಿಸುತ್ತಾರೆ. ಗೌಂಡಿ ಮನೆ ಮುಗಿಸುವ ಹೊತ್ತಿಗೆ ನಾನು ಹೋಗಿ ಅಂಗಳದ ಸಿಮೆಂಟ್ ಚೂರು, ಜಲ್ಲಿಯನ್ನು ಮಣ್ಣಿನೊಳಗೆ ಹೂಳಬೇಡಿ ಎಂದು ಹೇಳಿ ಬರುತ್ತೇನೆ. ಗೃಹಪ್ರವೇಶಕ್ಕೆ ಹಸಿರು ಬೇಕೆಂದು ಮನೆಯವರು ಕೇಳಿದಾಗ ಗೌಂಡಿಯ ಬಾಯಲ್ಲಿ ನನ್ನ ಹೆಸರು ಬರುತ್ತದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಟೌನ್‌ಶಿಪ್ಪಿನಲ್ಲಿ ಇದ್ದು ಬಂದು ಬಳ್ಳಾರಿಯಲ್ಲಿ ಸ್ವಂತ ಮನೆ ಕಟ್ಟಿದ ಕುಟುಂಬಗಳೂ ಉಂಟು; ಹಸಿರು ನೋಡಿ ರೂಢಿಯಾದ ಅವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಇನ್ನೊಂದು ಮಾತು: ಈ ಊರಿನಲ್ಲಿ ಕನ್ನಡದ ಜೊತೆಗೆ ತೆಲುಗೂ ಬರಲೇಬೇಕು. ಅನೇಕ ಮನೆಗಳಲ್ಲಿ ಅಜ್ಜಿ, ವಾಚ್‌ಮನ್ ಆಡುವುದು ತೆಲುಗು, ಲಾನಿಗೆ ನಿಜವಾಗಿ ನೀರು ಬಿಡುವವರೂ ಅವರೇ.

ದಿನಪತ್ರಿಕೆಯ ಒಳಗೆ ಕರಪತ್ರ ಇಟ್ಟು ಹಂಚಿಸುವುದರಿಂದ ಫೋನ್ ಬರುತ್ತದೆ, ಆದರೆ ಊರಿನ ಮೂಲೆ ಮೂಲೆಗಳಿಂದ ಬರುತ್ತದೆ. ಮೋವರ್ ಹೇರಿಕೊಂಡು ಕಂಟೋನ್ಮೆಂಟಿನಿಂದ ಕೌಲ್‌ಬಜಾರ್‌ಗೆ, ಅಲ್ಲಿಂದ ಸಿರುಗುಪ್ಪ ರಸ್ತೆಗೆ ಓಡಾಡಿದರೆ ಲಾಭ ಡೀಸೆಲಿಗೇ ಹೋಗುತ್ತದೆ. ಒಂದೇ ಓಣಿಯಲ್ಲಿ ನಾಲ್ಕು ಮನೆ ಇರುವುದು, ದೂರ ದೂರದ ಹತ್ತು ಮನೆಗಿಂತ ಮೇಲು. ಅದಕ್ಕೇ ಪಕ್ಕದ ಮನೆಯವರು ಸೇರಿದರೆ ಇಬ್ಬರಿಗೂ ಆ ತಿಂಗಳ ದರದಲ್ಲಿ ಸ್ವಲ್ಪ ಬಿಡುತ್ತೇನೆ.

ದರದ ವಿಷಯಕ್ಕೂ ಇಲ್ಲಿನ ಹವೆಯೇ ಆಧಾರ. ಜೂನ್‌ನಿಂದ ಅಕ್ಟೋಬರ್‌ವರೆಗೆ ತಿಂಗಳಿಗೆ ಎರಡು ಸಲ ಕತ್ತರಿಸುತ್ತೇವೆ, ನವೆಂಬರಿನಲ್ಲಿ ಮತ್ತು ಫೆಬ್ರುವರಿಯಿಂದ ಮೇವರೆಗೆ ಒಂದೊಂದು ಸಲ, ಡಿಸೆಂಬರ್-ಜನವರಿಯ ಚಳಿಯಲ್ಲಿ ಹುಲ್ಲು ನಿಧಾನವಾಗುವುದರಿಂದ ಎರಡು ತಿಂಗಳಿಗೆ ಒಂದು. ವರ್ಷಕ್ಕೆ 16. ಪ್ರತಿ ಸಲದ ಲೆಕ್ಕದಲ್ಲಿ ಹಣ ಪಡೆದರೆ ಬೇಸಿಗೆಯಲ್ಲಿ ನಮಗೆ ಕೆಲಸ ಕಡಿಮೆ, ಗಿರಾಕಿಗೂ ನಾವು ನೆನಪಿರುವುದಿಲ್ಲ. ಆದ್ದರಿಂದ ವರ್ಷದ ಮೊತ್ತವನ್ನು ಹನ್ನೆರಡು ತಿಂಗಳಿಗೆ ಸಮವಾಗಿ ಹಂಚುತ್ತೇನೆ. ಬೇಸಿಗೆಯಲ್ಲಿ ಕತ್ತರಿಸುವುದು ಕಡಿಮೆ, ನೋಡಿಕೊಳ್ಳುವುದು ಹೆಚ್ಚು: ಬ್ಲೇಡ್ ಎತ್ತರಿಸಿ ಹುಲ್ಲನ್ನು ಎರಡು ಇಂಚು ಉಳಿಸುವುದು, ಗೆದ್ದಲು ನೋಡುವುದು, ಜೇಕು ಎಂಬ ಕಳೆಯನ್ನು ಗಡ್ಡೆಸಮೇತ ಅಗೆದು ತೆಗೆಯುವುದು, ಮಣ್ಣಿಗೆ ಉದ್ದನೆಯ ಮೊಳೆ ಚುಚ್ಚಿ ತೇವ ಎಷ್ಟು ಆಳಕ್ಕೆ ಇಳಿದಿದೆ ಎಂದು ಮನೆಯವರ ಎದುರೇ ಪರೀಕ್ಷಿಸುವುದು.

ಹೊಸ ಹುಲ್ಲು ಹಾಕಿಸುವವರನ್ನು ಮೃಗಶಿರ ಮಳೆಯವರೆಗೆ ಕಾಯಿಸುತ್ತೇನೆ. ಮಾರ್ಚಿನಲ್ಲಿ ಗೃಹಪ್ರವೇಶ ಇದೆ, ಈಗಲೇ ಹಾಸಿ ಎಂದು ಒತ್ತಾಯಿಸಿದರೆ ಕುಂಡದ ಗಿಡಗಳನ್ನು ಬಾಡಿಗೆಗೆ ಇಟ್ಟುಕೊಡುತ್ತೇನೆ. ದಟ್ಟ ಬೇವಿನ ನೆರಳಿದ್ದ ಕಡೆ ಬರ್ಮುಡಾ ಬೇಡವೆಂದೇ ಹೇಳುತ್ತೇನೆ. ಗಣಪನಿಗೆ ಏರಿಸುವ ಗರಿಕೆಯ ಜಾತಿಯೇ ಆದ್ದರಿಂದ ಅದು ಬಿಸಿಲನ್ನು ತಾಳುತ್ತದೆ, ನೆರಳನ್ನು ತಾಳುವುದಿಲ್ಲ. ಹೀಗೆ ಬೇಡ ಎಂದು ಹೇಳಿಸಿಕೊಂಡು ಹೋದವರಲ್ಲಿ ಹಲವರು ಜೂನ್ ಮೊದಲ ಮಳೆ ಬಿದ್ದ ಮೇಲೆ ತಾವಾಗಿ ಫೋನ್ ಮಾಡುತ್ತಾರೆ. ಅವರ ಹೆಸರು, ಅಂಗಳದ ಅಳತೆ, ಟ್ಯಾಂಕ್ ಎಷ್ಟು ಲೀಟರಿನದು ಎಂಬುದನ್ನು ಪುಸ್ತಕದಲ್ಲಿ ಬರೆದಿಟ್ಟಿರುತ್ತೇನೆ. ಫೋನ್ ಮಾಡದವರಿಗೆ ಮೇ ಕೊನೆಯ ವಾರದಲ್ಲಿ ನಾನೇ ಮಾಡುತ್ತೇನೆ.