ಬಿಸಿ ಇದ್ದಾಗ ಸ್ಟಾರ್ಟ್ ಆಗದ ಕಾರು: ನಾನು ದೋಷ ಹಿಡಿದ ಬಗೆ

ಬೆಳಿಗ್ಗೆ ಮನೆಯಿಂದ ಹೊರಡುವಾಗ ನಮ್ಮ ಹಳೆಯ ಪೆಟ್ರೋಲ್ ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿತ್ತು. ಬೆಂಗಳೂರಿನಿಂದ ಹಾಸನದ ಕಡೆ ಓಡಿಸುವಾಗಲೂ ತೊಂದರೆ ಇಲ್ಲ. ಕುಣಿಗಲ್ಲಿನಲ್ಲೋ ಯಡಿಯೂರಿನಲ್ಲೋ ಕಾಫಿಗೆ ನಿಲ್ಲಿಸಿ ವಾಪಸ್ ಬಂದರೆ ಮಾತ್ರ ಕೈ ಕೊಡುತ್ತಿತ್ತು. ಸೆಲ್ಫ್ ಜೋರಾಗಿಯೇ ಹೊಡೆಯುತ್ತಿತ್ತು, ಎಂಜಿನ್ ಹತ್ತುತ್ತಿರಲಿಲ್ಲ. ಮುಕ್ಕಾಲು ಗಂಟೆ ಕಾದರೆ ಮತ್ತೆ ಸಲೀಸಾಗಿ ಸ್ಟಾರ್ಟ್.

ಗ್ಯಾರೇಜಿಗೆ ಒಯ್ಯುವಷ್ಟರಲ್ಲಿ ಕಾರು ತಣ್ಣಗಾಗಿರುತ್ತಿತ್ತು. "ಈಗ ಚೆನ್ನಾಗೇ ಸ್ಟಾರ್ಟ್ ಆಗ್ತಿದೆಯಲ್ಲ ಸರ್, ಬ್ಯಾಟರಿ ಬದಲಾಯಿಸಿ ನೋಡೋಣ್ವಾ?" ಎಂದರು. ನಾನು ಒಪ್ಪಲಿಲ್ಲ. ಬ್ಯಾಟರಿ ಸೋತಿದ್ದರೆ ಸೆಲ್ಫ್ ನಿಧಾನಕ್ಕೆ ಎಳೆಯುತ್ತದೆ, ಇಲ್ಲವೇ ಟಕ್ ಟಕ್ ಎಂದು ಸುಮ್ನಾಗುತ್ತದೆ. ಮಲ್ಟಿಮೀಟರ್ ಇಟ್ಟು ನೋಡಿದೆ. ಎಂಜಿನ್ ಆಫ್ ಇದ್ದಾಗ 12.6 ವೋಲ್ಟ್, ಸೆಲ್ಫ್ ಹೊಡೆಯುವಾಗ 10ಕ್ಕಿಂತ ಮೇಲೆ, ಎಂಜಿನ್ ಓಡುವಾಗ 14ರ ಆಸುಪಾಸು. ಇಷ್ಟು ಸರಿಯಿರುವಾಗ ಬ್ಯಾಟರಿಗೆ ದುಡ್ಡು ಸುರಿಯುವುದರಲ್ಲಿ ಅರ್ಥವಿಲ್ಲ, ಅಲ್ವಾ?

ಇಂಥ ಕಾರನ್ನು ಅದು ಹಟ ಹಿಡಿದ ಹೊತ್ತಿನಲ್ಲೇ ಪರೀಕ್ಷೆ ಮಾಡಬೇಕು. ಅದಕ್ಕೇ ಮಲ್ಟಿಮೀಟರನ್ನೂ ಕಾರಿನ ಕಂಪ್ಯೂಟರಿನ ಮಾಹಿತಿಯನ್ನು ಮೊಬೈಲಿನಲ್ಲಿ ತೋರಿಸುವ ಓಬಿಡಿ ಸ್ಕ್ಯಾನರನ್ನೂ ಡಿಕ್ಕಿಯಲ್ಲಿ ಇಟ್ಟುಕೊಂಡೇ ಓಡಾಡತೊಡಗಿದೆ.

ನಿಲ್ಲಿಸಿದ ಮೇಲೆಯೇ ಯಾಕೆ ಹೀಗೆ? ಗಾಡಿ ಓಡುವಾಗ ಎದುರು ಗಾಳಿ ಬಡಿಯುತ್ತದೆ, ರೇಡಿಯೇಟರಿನ ನೀರು ಸುತ್ತುತ್ತಿರುತ್ತದೆ. ಆಫ್ ಮಾಡಿದ ಕೂಡಲೇ ಎರಡೂ ನಿಲ್ಲುತ್ತವೆ. ಎಂಜಿನ್ನಿನ ಬಿಸಿ ಬಾನೆಟ್ ಒಳಗೇ ಉಳಿದು, ಮುಂದಿನ ಹತ್ತಿಪ್ಪತ್ತು ನಿಮಿಷ ಸುತ್ತಲಿನ ಬಿಡಿಭಾಗಗಳು ಓಡುವಾಗ ಇದ್ದದ್ದಕ್ಕಿಂತ ಜಾಸ್ತಿ ಕಾಯುತ್ತವೆ. ಬಿಸಿಗೆ ಸೋಲುವ ಭಾಗ ಆಗಲೇ ಸೋಲುವುದು.

ಬೆಳ್ಳೂರು ಕ್ರಾಸ್ ಹತ್ತಿರ ಬಿಸಿಲಿನಲ್ಲಿ ಮತ್ತೆ ಕೈ ಕೊಟ್ಟಿತು. ಮೊದಲು ಮೀಟರ್ ಬೋರ್ಡಿನಲ್ಲಿ ಬೀಗದ ದೀಪ ನೋಡಿದೆ. ಮಿಣುಕುತ್ತಿರಲಿಲ್ಲ, ಅಂದರೆ ಕೀ ಗುರುತಿಸುವುದರಲ್ಲಿ ತಕರಾರಿಲ್ಲ. ಕೀ ಆನ್ ಮಾಡಿ ಹಿಂದಿನ ಸೀಟಿನ ಕಡೆ ಕಿವಿ ಕೊಟ್ಟೆ. ಪೆಟ್ರೋಲ್ ಪಂಪ್ ಎರಡು ಸೆಕೆಂಡ್ ಗುಂಯ್ ಎಂದು ನಿಂತಿತು. ಪಂಪ್ ಸದ್ದು ಮಾಡಿದ ಮಾತ್ರಕ್ಕೆ ಪ್ರೆಷರ್ ಸರಿಯಿದೆ ಎಂದಲ್ಲ, ಆದರೂ ಅದಕ್ಕೆ ಕರೆಂಟ್ ಬರುತ್ತಿದೆ ಎಂದು ಗೊತ್ತಾಯಿತು. ಸ್ಕ್ಯಾನರಿನಲ್ಲಿ ಕೂಲಂಟ್ (ರೇಡಿಯೇಟರಿನ ನೀರು) ಬಿಸಿ ಎಷ್ಟು ತೋರಿಸುತ್ತದೆ ಎಂದೂ ನೋಡಿದೆ. ಕಾದ ಎಂಜಿನ್ನನ್ನು ಆ ಬಿಸಿ ಅಳೆಯುವ ಸೆನ್ಸರ್ ತಣ್ಣಗಿದೆ ಎಂದು ತಪ್ಪಾಗಿ ಹೇಳಿದರೆ, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಬೇಡದಷ್ಟು ಪೆಟ್ರೋಲ್ ಸುರಿದು ಪ್ಲಗ್ ಒದ್ದೆ ಮಾಡುತ್ತದೆ. ನಮ್ಮದು 90 ಡಿಗ್ರಿ ದಾಟಿ ತೋರಿಸುತ್ತಿತ್ತು, ಅದು ಸರಿ.

ಆಮೇಲೆ ಸೆಲ್ಫ್ ಹೊಡೆಯುತ್ತಾ ಆರ್‌ಪಿಎಂ ನೋಡಿದೆ. ಸೊನ್ನೆ! ಎಂಜಿನ್ ಕಣ್ಣೆದುರೇ ತಿರುಗುತ್ತಿದೆ. ಸಾಮಾನ್ಯವಾಗಿ ಸೆಲ್ಫ್ ತಿರುಗಿಸುವಾಗ 200ರ ಸುಮಾರಾದರೂ ಕಾಣಬೇಕು. ತಿರುಗುತ್ತಿರುವುದೇ ಇಸಿಯುಗೆ ಗೊತ್ತಿಲ್ಲದಿದ್ದರೆ ಸ್ಪಾರ್ಕ್ ಯಾವಾಗ ಕೊಡಬೇಕು, ಪೆಟ್ರೋಲ್ ಯಾವಾಗ ಬಿಡಬೇಕು ಎಂದು ಅದಕ್ಕೆ ಹೇಗೆ ತಿಳಿಯಬೇಕು? ಎರಡನ್ನೂ ಕೊಡುವುದಿಲ್ಲ.

ಅನುಮಾನ ಎಂಜಿನ್ ತಿರುಗುವುದನ್ನು ಇಸಿಯುಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಮೇಲೆ ಬಂತು. ನಮ್ಮ ಕಾರಿನಲ್ಲಿ ಅದು ಗೇರ್‌ಬಾಕ್ಸ್ ಸೇರುವ ಕಡೆ ಇದೆ. ಒಳಗೆ ಆಯಸ್ಕಾಂತ, ಅದರ ಸುತ್ತ ತೀರಾ ತೆಳುವಾದ ತಂತಿಯ ಸುರುಳಿ. ಎದುರಿಗೆ ಹಲ್ಲಿನ ಚಕ್ರ ತಿರುಗಿದರೆ ಸುರುಳಿಯಲ್ಲಿ ವೋಲ್ಟೇಜ್ ಹುಟ್ಟುತ್ತದೆ. ವರ್ಷಗಟ್ಟಲೆ ಕಾದು ಆರಿ ತಂತಿ ಒಳಗೇ ಕೂದಲೆಳೆಯಷ್ಟು ಬಿಟ್ಟರೆ, ಬಿಸಿಯಲ್ಲಿ ಸಂಪರ್ಕ ತಪ್ಪುತ್ತದೆ, ತಣ್ಣಗಾದಾಗ ಮತ್ತೆ ಕೂಡುತ್ತದೆ. ಸ್ಕ್ಯಾನರಿನಲ್ಲಿ ಕಾಣುವ ಪಿ0335 ಎಂಬ ದೋಷದ ಕೋಡ್ ಇದಕ್ಕೇ ಇದೆ, ಆದರೆ ನಮ್ಮ ಕಾರಿನಲ್ಲಿ ಅದು ದಾಖಲಾಗಿರಲಿಲ್ಲ. ಕೋಡ್ ಇಲ್ಲ ಎಂದ ಮಾತ್ರಕ್ಕೆ ಸೆನ್ಸರನ್ನು ಬಿಟ್ಟುಬಿಡಬೇಡಿ.

ಬಟ್ಟೆ ಒದ್ದೆ ಮಾಡಿ ಚೆನ್ನಾಗಿ ಹಿಂಡಿ, ಕೈ ಸುಡದಂತೆ ಸೆನ್ಸರಿಗೆ ಒತ್ತಿ ಹಿಡಿದೆ. ಸ್ವಲ್ಪ ಹೊತ್ತಿಗೇ ಕಾರು ಸ್ಟಾರ್ಟ್ ಆಯಿತು. ಆ ಖುಷಿಯೇ ಬೇರೆ! ಕಾದ ಎಂಜಿನ್ ಮೇಲೆ ನೀರು ಮಾತ್ರ ಸುರಿಯಬಾರದು, ಲೋಹ ಬಿರುಕು ಬಿಡಬಹುದು.

ಮನೆಗೆ ಬಂದು ಸೆನ್ಸರ್ ಬಿಚ್ಚಿದೆ. 10 ನಂಬರ್ ಸ್ಪ್ಯಾನರ್ ಸಾಕಾಯಿತು. ತಣ್ಣಗಿದ್ದಾಗ ಮೀಟರಿನಲ್ಲಿ ಕೆಲವು ನೂರು ಓಮ್ ತೋರಿಸಿತು. ಹೆಂಡತಿಯ ಹೇರ್ ಡ್ರೈಯರಿನಿಂದ ಬಿಸಿ ಊದುತ್ತಾ ಹೋದೆ. ಅಂಕಿ ನಿಧಾನಕ್ಕೆ ಏರಿ, ಇದ್ದಕ್ಕಿದ್ದಂತೆ ಓಪನ್ ಎಂದು ತೋರಿಸಿತು. ಸುರುಳಿ ಕಡಿದಿದೆ ಎನ್ನಲು ಇದಕ್ಕಿಂತ ಸಾಕ್ಷಿ ಬೇಕೇ? ಈ ಪರೀಕ್ಷೆ ಸುರುಳಿ ಇರುವ ಸೆನ್ಸರಿಗೆ ಮಾತ್ರ. ಸುರುಳಿಯ ಬದಲು ಎಲೆಕ್ಟ್ರಾನಿಕ್ ಚಿಪ್ ಇರುವ ಹಾಲ್ ಸೆನ್ಸರ್ ಆದರೆ ಓಮ್ ಅಳೆಯಬೇಡಿ, ಮೀಟರಿನ ಕರೆಂಟಿಗೆ ಅದು ಹಾಳಾಗಬಹುದು. ಸೆನ್ಸರಿಗೆ ಬರುವ ತಂತಿ ಎಣಿಸಿ ಅದು ಯಾವ ಬಗೆಯದು ಎಂದು ನಿರ್ಧರಿಸುವುದೂ ಸರಿಯಲ್ಲ, ನಿಮ್ಮ ಕಾರಿನ ವೈರಿಂಗ್ ಚಿತ್ರ ನೋಡಿ.

ಹೊಸ ಸೆನ್ಸರ್ ಹಾಕಿದ ಮೇಲೆ ಬೇಕೆಂದೇ ಮಧ್ಯಾಹ್ನದ ಬಿಸಿಲಲ್ಲಿ ಓಡಿಸಿ, ಹದಿನೈದು ನಿಮಿಷ ನಿಲ್ಲಿಸಿ, ಕೀ ತಿರುಗಿಸಿದೆ. ಕೂಡಲೇ ಹತ್ತಿತು. ಆರ್‌ಪಿಎಂ ಸರಿಯಾಗಿ ಬರುತ್ತಿದ್ದೂ ಎಂಜಿನ್ ಹತ್ತದಿದ್ದರೆ ನಾನು ಮುಂದೆ ನೋಡುತ್ತಿದ್ದದ್ದು ಪೆಟ್ರೋಲ್ ಪ್ರೆಷರ್, ಆಮೇಲೆ ಇಗ್ನಿಷನ್ ಕಾಯಿಲ್.