ಬ್ಯಾರೆಲ್‌ಗೆ ಸೀಸ ಮೆತ್ತದ ಹಾಗೆ ಕೋಟೆಡ್ ಗುಂಡು ರೀಲೋಡ್ ಮಾಡುವುದು: ನನ್ನ ಅನುಭವ

ರೀಲೋಡ್ ಅಂದರೆ ಹೊಡೆದು ಉಳಿದ ಹಿತ್ತಾಳೆ ಕೇಸಿಗೆ ಹೊಸ ಪ್ರೈಮರ್ (ಕಿಡಿ ಹೊತ್ತಿಸುವ ಬಿಲ್ಲೆ), ಮದ್ದಿನ ಪುಡಿ, ಗುಂಡು ಕೂರಿಸಿ ಮತ್ತೆ ತೋಟಾ ಮಾಡುವುದು. ಮೇಲೆ ಬಣ್ಣದಂಥ ತೆಳು ಕೋಟಿಂಗ್ ಇರುವ ಸೀಸದ ಗುಂಡು ಹೊಡೆದರೆ ಬ್ಯಾರೆಲ್‌ಗೆ ಸೀಸ ಮೆತ್ತಿಕೊಳ್ಳುವುದೇ ಇಲ್ಲ ಅಂತ ಇಲ್ಲಿ ಟೆಕ್ಸಸ್‌ನ ಶೂಟಿಂಗ್ ರೇಂಜ್‌ಗಳಲ್ಲಿ ಬಹಳ ಜನ ನಂಬಿದ್ದಾರೆ. ಮೆತ್ತಿಕೊಂಡರೆ "ಕೋಟಿಂಗ್ ಸರಿಯಿಲ್ಲ, ಬೇರೆ ಬ್ರ್ಯಾಂಡ್ ತಗೋ" ಅನ್ನುವುದೇ ಮೊದಲ ಸಲಹೆ. ನಾನು ಕಂಡ ಮಟ್ಟಿಗೆ ಬಹುಪಾಲು ಸಲ ಕೋಟಿಂಗ್ ನಿರಪರಾಧಿ. ಗುಂಡು ಬ್ಯಾರೆಲ್ ಮುಟ್ಟುವುದಕ್ಕೆ ಮೊದಲೇ, ನಮ್ಮದೇ ಬೆಂಚಿನ ಮೇಲೆ, ಹಿತ್ತಾಳೆ ಕೇಸಿನೊಳಗೇ ಹಿಂಡಿಸಿಕೊಂಡು ಸಣ್ಣದಾಗಿರುತ್ತದೆ. ಇಲ್ಲವೇ ಕೇಸಿನ ಬಾಯಿಗೆ ಮೈ ಕೆರೆಸಿಕೊಂಡಿರುತ್ತದೆ.

ಮುಂದೆ ಹೋಗುವ ಮುಂಚೆ ಕಾನೂನಿನ ಮಾತು, ಯಾಕೆಂದರೆ ಊರಿನ ಗೆಳೆಯರು ಕೇಳುತ್ತಲೇ ಇರುತ್ತಾರೆ. ಅಮೆರಿಕದಲ್ಲಿ ಸ್ವಂತ ಬಳಕೆಗೆ ರೀಲೋಡ್ ಮಾಡುವುದು ಸಾಮಾನ್ಯ ಹವ್ಯಾಸ. ಆದರೆ ಎಚ್-1ಬಿ ಥರದ ವೀಸಾದಲ್ಲಿ ಇರುವವರು ಬಂದೂಕನ್ನಾಗಲಿ ಮದ್ದುಗುಂಡನ್ನಾಗಲಿ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ಕೆಲವು ವಿನಾಯಿತಿ ಬಿಟ್ಟು ನಿಷೇಧಿಸುತ್ತದೆ. ಗ್ರೀನ್ ಕಾರ್ಡ್ ಬರುವ ತನಕ ನಾನೂ ಇದರ ತಂಟೆಗೆ ಹೋಗಲಿಲ್ಲ. ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ, ಆದ್ದರಿಂದ ಅಲ್ಲಿರುವವರು ಇದನ್ನು ಓದಿ ಬಿಡುವುದಷ್ಟೇ.

ನಾನು ಹೊಡೆಯುವುದು 9 ಎಂಎಂ. ತಾಮ್ರದ ಜಾಕೆಟ್ ಇರುವ ಗುಂಡಿನ ವ್ಯಾಸ 0.355 ಇಂಚು, ಕೋಟೆಡ್ ಸೀಸದ ಗುಂಡು ಸಾಮಾನ್ಯವಾಗಿ 0.356. ಒಂದು ಥೌ (ಇಂಚಿನ ಸಾವಿರದ ಒಂದು ಪಾಲು) ಹೆಚ್ಚು, ಅಂದರೆ ಸುಮಾರು 25 ಮೈಕ್ರಾನ್. ಪೀಣ್ಯದ ಟೂಲ್ ರೂಮ್‌ನಲ್ಲಿ ಕೆಲಸ ಕಲಿತವನಿಗೆ ಒಂದು ಥೌ ಅಂದರೆ ಸಣ್ಣ ಮಾತಲ್ಲ. ರೀಲೋಡಿಂಗ್ ಬೆಂಚಿನಲ್ಲಿ ಮಾತ್ರ ಎಲ್ಲರೂ ಡಿಜಿಟಲ್ ಕ್ಯಾಲಿಪರ್ ಹಿಡಿದು ಸಮಾಧಾನಪಟ್ಟುಕೊಳ್ಳುತ್ತಾರೆ. ಕ್ಯಾಲಿಪರ್ ತಾನೇ ಒಂದು ಥೌ ಆಚೆ ಈಚೆ ತೋರಿಸುತ್ತದೆ. ಈ ಕೆಲಸಕ್ಕೆ ಮೈಕ್ರೋಮೀಟರ್ ಬೇಕೇ ಬೇಕು.

ಆ ಹೆಚ್ಚಿನ ಒಂದು ಥೌ ಯಾಕೆ? ಗುಂಡಿನ ತಳ ಬ್ಯಾರೆಲ್‌ನೊಳಗೆ ಸುರುಳಿಯಾಗಿ ಕೊರೆದ ಗ್ರೂವ್‌ಗಳನ್ನು ಪೂರ್ತಿ ಮುಚ್ಚಬೇಕು. ಮುಚ್ಚದಿದ್ದರೆ, ಗ್ಯಾಸ್ಕೆಟ್ ಸಡಿಲವಾದ ಕುಕ್ಕರ್‌ನ ಹಬೆಯ ಹಾಗೆ, ಉರಿಯುವ ಗ್ಯಾಸ್ ಬದಿಯಿಂದ ನುಗ್ಗುತ್ತದೆ. ಆ ಬಿಸಿಗೂ ಒತ್ತಡಕ್ಕೂ ಕೋಟಿಂಗ್ ನಿಲ್ಲುವುದಿಲ್ಲ. ಸೀಸ ಕೊಯ್ದುಕೊಂಡು, ಕರಗಿ, ಮುಂದಿನ ಉಕ್ಕಿಗೆ ಬಳಿದುಕೊಳ್ಳುತ್ತದೆ. ಹೀಗಾದಾಗ ಸೀಸ ಚೇಂಬರ್‌ನ (ತೋಟಾ ಕೂರುವ ಗೂಡು) ಎದುರಿಗೇ, ರೈಫ್ಲಿಂಗ್ (ಆ ಸುರುಳಿ ಗ್ರೂವ್‌ಗಳು) ಶುರುವಾಗುವ ಜಾಗದಲ್ಲಿ ಸಿಗುತ್ತದೆ. ನಾನು ಬ್ಯಾರೆಲ್ ಬಿಚ್ಚಿ ಮೊದಲು ನೋಡುವುದು ಅಲ್ಲೇ. ಟಾರ್ಚ್ ಹಿಡಿದರೆ ಗ್ರೂವ್‌ನ ಮೂಲೆಯಲ್ಲಿ ಬೂದುಬಣ್ಣದ ಮಂಕು ಗೆರೆ. ಬ್ರಷ್ ಹಾಕಿ ಎಳೆದರೆ ತೆಳ್ಳನೆಯ ಬೆಳ್ಳಿ ಹಾಳೆಯ ಚೂರುಗಳು ಉದುರುತ್ತವೆ. ಕೋಟಿಂಗ್‌ನ ಬಣ್ಣದ ಕಲೆಯಾಗಲಿ ಪುಡಿಯ ಕರಿ ಮಸಿಯಾಗಲಿ ಇದ್ದರೆ ಸಾಲ್ವೆಂಟ್ ಹಾಕಿದ ಪ್ಯಾಚ್‌ಗೆ ಹೋಗುತ್ತದೆ. ಸೀಸ ಹಾಗೆ ಹೋಗುವುದಿಲ್ಲ. ಸುಮಾರು ಜನ ಕರಿ ಮಸಿ ನೋಡಿಯೇ ಲೆಡ್ಡಿಂಗ್ (ಸೀಸ ಮೆತ್ತಿದೆ) ಅಂತ ಗಾಬರಿಯಾಗುತ್ತಾರೆ.

ಮೊದಲ ಕೆಲಸ ಬ್ಯಾರೆಲ್ ಅಳೆಯುವುದು. ಪಿಸ್ತೂಲಿನಿಂದ ಬಿಚ್ಚಿ ತೆಗೆದ ಬ್ಯಾರೆಲ್‌ಗೆ ಎಣ್ಣೆ ಸವರಿ, ಮೀನು ಹಿಡಿಯುವ ಗಾಳಕ್ಕೆ ಕಟ್ಟುವ ಮೆತ್ತನೆಯ ಸೀಸದ ತುಂಡನ್ನು ಒಂದು ತುದಿಯಲ್ಲಿಟ್ಟು, ಟೇಪ್ ಸುತ್ತಿದ ಹಿತ್ತಾಳೆ ಸರಳಿನಿಂದ ಮೆಲ್ಲಗೆ ತಟ್ಟಿ ಆಚೆ ದೂಡಬೇಕು. ಮರದ ಕೋಲು ಬೇಡ. ಒಳಗೆ ಸಿಬಿರೆದ್ದು ಸಿಕ್ಕಿಕೊಂಡರೆ ಕೆಲಸ ಕೆಡುತ್ತದೆ. ಹೊರಬಂದ ತುಂಡಿನಲ್ಲಿ ಎದುರುಬದುರಿನ ಉಬ್ಬುಗಳನ್ನು ಅಳೆದರೆ ಗ್ರೂವ್ ವ್ಯಾಸ ಸಿಗುತ್ತದೆ. ಗ್ರೂವ್ ಆರಿದ್ದರೆ ಸುಲಭ, ಐದಿದ್ದರೆ ಎದುರಿಗೆ ಉಬ್ಬೇ ಇರುವುದಿಲ್ಲ, ಅದಕ್ಕೆ ವಿ-ಆನ್ವಿಲ್ ಮೈಕ್ರೋಮೀಟರ್ ಬೇಕು. ನನ್ನ ಬ್ಯಾರೆಲ್ 0.3555 ಬಂತು. 0.356ರ ಗುಂಡು ಲೆಕ್ಕದಲ್ಲಿ ಸರಿಯೇ, ಆದರೆ ಕೈಯಲ್ಲಿ ಉಳಿಯುವುದು ಬರೀ ಅರ್ಧ ಥೌ.

ಆ ಅರ್ಧ ಥೌ ಕೇಸಿನೊಳಗೆ ಉಳಿಯುತ್ತದಾ ಅನ್ನುವುದೇ ನಿಜವಾದ ಪ್ರಶ್ನೆ. ಇದಕ್ಕೆ ಪ್ರೈಮರ್, ಪುಡಿ ಎರಡೂ ಹಾಕದೆ ಒಂದು ಡಮ್ಮಿ ಮಾಡುತ್ತೇನೆ. ಎಲ್ಲ ಡೈಗಳಲ್ಲೂ (ಕೇಸನ್ನು ರೂಪಿಸುವ ಉಕ್ಕಿನ ಅಚ್ಚುಗಳು) ಹಾಯಿಸಿ, ಕ್ರಿಂಪ್ (ಕೇಸಿನ ಬಾಯನ್ನು ಒಳಕ್ಕೆ ಒತ್ತುವುದು) ಮಾಡಿ, ಆಮೇಲೆ ಸುತ್ತಿಗೆಯಂಥ ಇಂಪ್ಯಾಕ್ಟ್ ಪುಲ್ಲರ್‌ನಲ್ಲಿ ಕೂರಿಸಿ, ಕಾಂಕ್ರೀಟ್ ನೆಲಕ್ಕೆ ಕುಟ್ಟಿ ಗುಂಡನ್ನು ಆಚೆ ತೆಗೆಯುತ್ತೇನೆ. ತೆಗೆದ ಗುಂಡಿನ ತಳವನ್ನು ಅಳೆಯುವುದು. ಮೊದಲ ಸಲ ಅಳೆದಾಗ ಬಂದದ್ದು 0.3545. ಅಂದರೆ ಡಬ್ಬದಲ್ಲಿ 0.356 ಇದ್ದ ಗುಂಡು ಬ್ಯಾರೆಲ್‌ಗೆ ಹೊರಡುವಾಗ ಗ್ರೂವ್‌ಗಿಂತ ಒಂದು ಥೌ ಕಡಿಮೆ. ಇನ್ನು ಯಾವ ಬ್ರ್ಯಾಂಡಿನ ಕೋಟಿಂಗ್ ಇದ್ದರೇನು?

ಹಿಂಡುವ ಜಾಗ ಎರಡು. ಒಂದು, ಎಕ್ಸ್‌ಪ್ಯಾಂಡರ್, ಅಂದರೆ ಗುಂಡು ಕೂರಲು ಕೇಸಿನ ಬಾಯನ್ನು ಒಳಗಿನಿಂದ ಹಿಗ್ಗಿಸುವ ಸಾಧನ. ಡೈ ಸೆಟ್ ಜೊತೆ ಬರುವ ಎಕ್ಸ್‌ಪ್ಯಾಂಡರ್ ಸಾಮಾನ್ಯವಾಗಿ ಜಾಕೆಟ್ ಗುಂಡನ್ನು ಲೆಕ್ಕಕ್ಕಿಟ್ಟುಕೊಂಡು ಮಾಡಿದ್ದು: ವ್ಯಾಸ ಕಮ್ಮಿ, ಉದ್ದವೂ ಕಮ್ಮಿ. ಗಟ್ಟಿ ಜಾಕೆಟ್ ಗುಂಡಾದರೆ ಕೇಸನ್ನು ತಾನೇ ಹಿಗ್ಗಿಸಿಕೊಂಡು ಒಳಗೆ ಕೂರುತ್ತದೆ. ಸೀಸ ಮೆತ್ತಗೆ, ಅದು ಹಿಗ್ಗಿಸುವುದಿಲ್ಲ, ತಾನೇ ಕುಗ್ಗುತ್ತದೆ. 9 ಎಂಎಂ ಕೇಸಿನ ಗೋಡೆ ಕೆಳಗಿಳಿದಂತೆ ದಪ್ಪವಾಗುವುದು ಇನ್ನೊಂದು ತಾಪತ್ರಯ. 147 ಗ್ರೇನ್ (ಗುಂಡಿನ ತೂಕದ ಅಳತೆ) ತೂಗುವ ಉದ್ದ ಗುಂಡು 124ಕ್ಕಿಂತ ಆಳಕ್ಕೆ ಹೋಗಿ ಕೂರುತ್ತದೆ, ಅದರ ತಳ ಸೀದಾ ದಪ್ಪ ಗೋಡೆಗೆ ಸಿಕ್ಕಿಕೊಳ್ಳುತ್ತದೆ. ಸೀಲ್ ಮಾಡಬೇಕಾದದ್ದು ತಳ, ಹಿಂಡಿಸಿಕೊಳ್ಳುವುದೂ ತಳವೇ. ನಾನು ಸೀಸಕ್ಕೆಂದೇ ಮಾಡಿದ, ಸ್ವಲ್ಪ ದಪ್ಪ ಮತ್ತು ಉದ್ದದ ಎಕ್ಸ್‌ಪ್ಯಾಂಡರ್ ಪ್ಲಗ್ ಹಾಕಿಕೊಂಡೆ. ಮೆಟ್ಟಿಲಿನಂಥ ಆಕಾರದ ಇವನ್ನು ಎಂ-ಡೈ ಅನ್ನುತ್ತಾರೆ. ಕೇಸಿನ ಬಾಯಿ ತುತ್ತೂರಿಯ ಹಾಗೆ ಅಗಲವಾಗದೆ, ಗುಂಡು ನೆಟ್ಟಗೆ ನಿಲ್ಲುವ ಒಂದು ಪುಟ್ಟ ಕಟ್ಟೆ ಆಗುತ್ತದೆ. ಅದರ ಮೇಲೆ ಗುಂಡು ಇಟ್ಟು ಕೈ ಬಿಟ್ಟರೂ ಓಲುವುದಿಲ್ಲ.

ಎರಡನೆಯದು ಕ್ರಿಂಪ್. ಕ್ರಿಂಪ್ ಮಾಡುವಾಗಲೇ ಇಡೀ ತೋಟಾವನ್ನು ಕಾರ್ಬೈಡ್ ಉಂಗುರದಲ್ಲಿ ಹಾಯಿಸಿ ಇನ್ನೊಮ್ಮೆ ಸೈಜ್ ಮಾಡುವ ಡೈಗಳಿವೆ. ಜಾಕೆಟ್ ಗುಂಡಿಗೆ ಪರವಾಗಿಲ್ಲ. ದಪ್ಪ ಕೋಟೆಡ್ ಗುಂಡಿನ ತೋಟಾ ಆ ಉಂಗುರಕ್ಕೆ ಉಜ್ಜಿಕೊಂಡೇ ಇಳಿಯುತ್ತದೆ, ಪ್ರೆಸ್‌ನ ಹಿಡಿಯಲ್ಲಿ ಆ ಬಿಗಿ ಕೈಗೇ ತಿಳಿಯುತ್ತದೆ. ಹಿತ್ತಾಳೆ ಆಮೇಲೆ ಸ್ವಲ್ಪ ಹಿಂದಕ್ಕೆ ಬರುತ್ತದೆ, ಕುಗ್ಗಿದ ಸೀಸ ಬರುವುದಿಲ್ಲ. ಅದನ್ನು ಬಿಚ್ಚಿಟ್ಟು ಸಾದಾ ಟೇಪರ್ ಕ್ರಿಂಪ್ ಡೈಗೆ ಬಂದೆ. 9 ಎಂಎಂ ತೋಟಾ ಚೇಂಬರ್‌ನಲ್ಲಿ ನಿಲ್ಲುವುದು ಕೇಸಿನ ಬಾಯಿಯ ಮೇಲೆ. ಇಲ್ಲಿ ಕ್ರಿಂಪ್‌ನ ಕೆಲಸ ಗುಂಡನ್ನು ಹಿಡಿಯುವುದಲ್ಲ, ಅಗಲ ಮಾಡಿದ ಬಾಯನ್ನು ನೆಟ್ಟಗೆ ಮಾಡುವುದಷ್ಟೇ. ಬಾಯಿಯ ಹೊರವ್ಯಾಸ 0.378ರಿಂದ 0.380 ಇಂಚಿನೊಳಗೆ ಬಂದರೆ ನನಗೆ ಸಾಕು. ಎಳೆದು ತೆಗೆದ ಗುಂಡಿನ ಸುತ್ತ ಕೋಟಿಂಗ್ ಕತ್ತರಿಸಿದ ಗೆರೆ ಕಂಡರೆ ಕ್ರಿಂಪ್ ಜಾಸ್ತಿ. ಉದ್ದುದ್ದ ಗೀರು ಕಂಡರೆ ಬಾಯಿ ಸಾಕಷ್ಟು ಅಗಲವಾಗಿಲ್ಲ. ಗುಂಡು ಕೂರಿಸುವಾಗ ಕೇಸಿನ ಬಾಯಿಯಲ್ಲಿ ಬಣ್ಣದ ತೆಳ್ಳನೆ ಸುರುಳಿ ನಿಂತಿದ್ದರಂತೂ ಪುಲ್ಲರ್‌ನ ಅಗತ್ಯವೇ ಇಲ್ಲ, ಕಣ್ಣಿಗೇ ಕಾಣುತ್ತದೆ. ಜೊತೆಗೆ ಗುಂಡನ್ನೂ 0.357ಕ್ಕೆ ಬದಲಿಸಿದೆ. ಈಗ ಎಳೆದ ಗುಂಡಿನ ತಳ 0.356ಕ್ಕಿಂತ ಕೆಳಗಿಳಿಯುವುದಿಲ್ಲ, ಬ್ಯಾರೆಲ್ ಚೊಕ್ಕಟ.

ಹಾಗಂತ ಕೋಟಿಂಗನ್ನು ಕಣ್ಣುಮುಚ್ಚಿ ನಂಬಬೇಕಾಗಿಲ್ಲ. ಹೊಸ ಡಬ್ಬ ಒಡೆದ ಕೂಡಲೇ ಒಂದು ಗುಂಡನ್ನು ಸುತ್ತಿಗೆಯಿಂದ ಜಜ್ಜಿ ಚಪ್ಪಟೆ ಮಾಡುತ್ತೇನೆ. ಕೋಟಿಂಗ್ ಸೀಸದ ಜೊತೆಗೇ ಹಿಗ್ಗಬೇಕು, ಹಪ್ಪಳದಂತೆ ಎದ್ದುಬರಬಾರದು. ಇನ್ನೊಂದಕ್ಕೆ ಅಸಿಟೋನ್ ಹಾಕಿದ ಬಟ್ಟೆ ಉಜ್ಜುತ್ತೇನೆ. ಬಣ್ಣ ಬಟ್ಟೆಗೆ ಬಂದರೆ ಸರಿಯಾಗಿ ಬೇಯಿಸಿಲ್ಲ ಅಂತ ಅರ್ಥ. ಮನೆಯಲ್ಲೇ ಪೌಡರ್ ಕೋಟ್ (ಬಣ್ಣದ ಪುಡಿ ಮೆತ್ತಿಸಿ ಬೇಯಿಸುವ ಕೋಟಿಂಗ್) ಮಾಡುವವರು ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ 20 ನಿಮಿಷ ಬೇಯಿಸುತ್ತಾರೆ. ಆ ಓವನ್‌ನಲ್ಲಿ ಮತ್ತೆಂದೂ ಅಡುಗೆ ಮಾಡಬಾರದು. ಪೌಡರ್ ಕೋಟ್ ಗುಂಡಿನ ವ್ಯಾಸವನ್ನು ಒಂದೆರಡು ಥೌ ಹೆಚ್ಚಿಸುವುದರಿಂದ ಆಮೇಲೆ ಸೈಜರ್‌ನಲ್ಲಿ (ಗುಂಡನ್ನು ಬೇಕಾದ ವ್ಯಾಸಕ್ಕೆ ಒತ್ತುವ ಅಚ್ಚು) ಹಾಯಿಸಲೇಬೇಕು.

ದಪ್ಪ ಗುಂಡಿಗೆ ಬಂದ ಮೇಲೆ ಪ್ಲಂಕ್ ಟೆಸ್ಟ್ ಬಿಡುವಂತಿಲ್ಲ. ಬಿಚ್ಚಿದ ಬ್ಯಾರೆಲ್‌ನ ಚೇಂಬರ್‌ಗೆ ಡಮ್ಮಿ ಹಾಕಿದರೆ ಟಣ್ ಅಂತ ಕೂರಬೇಕು, ಬೆರಳಲ್ಲಿ ತಿರುಗಿಸಿದರೆ ಸಲೀಸಾಗಿ ತಿರುಗಬೇಕು, ತಲೆಕೆಳಗು ಮಾಡಿದರೆ ತಾನೇ ಉದುರಬೇಕು. ಸಿಝಡ್ ಕಂಪನಿಯ ಪಿಸ್ತೂಲುಗಳ ಥ್ರೋಟ್ (ಚೇಂಬರ್‌ಗೂ ರೈಫ್ಲಿಂಗ್‌ಗೂ ನಡುವಿನ ಜಾಗ) ಗಿಡ್ಡ ಅಂತ ರೀಲೋಡರ್‌ಗಳಿಗೆಲ್ಲ ಗೊತ್ತು, ಅಂಥದ್ದರಲ್ಲಿ ಗುಂಡು ರೈಫ್ಲಿಂಗ್‌ಗೆ ತಾಗಿ ಸಿಕ್ಕಿಕೊಳ್ಳುತ್ತದೆ. ಆಗ ಗುಂಡನ್ನು ಇನ್ನಷ್ಟು ಒಳಕ್ಕೆ ಕೂರಿಸಬೇಕಾಗುತ್ತದೆ. ಒಳಕ್ಕೆ ಹೋದಷ್ಟೂ ಕೇಸಿನಲ್ಲಿ ಜಾಗ ಕಮ್ಮಿ, ಒತ್ತಡ ಜಾಸ್ತಿ. ಹಾಗಾಗಿ ಉದ್ದ ಬದಲಾದರೆ ಪುಡಿಯ ಲೆಕ್ಕವನ್ನು ರೀಲೋಡಿಂಗ್ ಮ್ಯಾನ್ಯುಯಲ್‌ನ ಕನಿಷ್ಠದಿಂದ ಮತ್ತೆ ಶುರು ಮಾಡುತ್ತೇನೆ. ಪುಡಿಯ ಅಳತೆಯನ್ನು ಇಲ್ಲಿ ಬರೆಯುವುದಿಲ್ಲ, ಅದನ್ನು ಮ್ಯಾನ್ಯುಯಲ್‌ನಲ್ಲೇ ನೋಡಬೇಕು.

ಸೀಸದ ಗಡಸುತನದ ಬಗ್ಗೆ ಜನ ಅಗತ್ಯಕ್ಕಿಂತ ಹೆಚ್ಚು ತಲೆಕೆಡಿಸಿಕೊಳ್ಳುತ್ತಾರೆ. ಗಡಸುತನದ ಬ್ರಿನೆಲ್ ಅಳತೆಯಲ್ಲಿ ಶುದ್ಧ ಸೀಸ 5ರ ಆಸುಪಾಸು, ಆಂಟಿಮನಿ ಮತ್ತು ತವರ ಬೆರೆಸಿದ ಮಾರುಕಟ್ಟೆ ಗುಂಡು 15ರ ಹತ್ತಿರ. 9 ಎಂಎಂಗೆ ಅಷ್ಟು ಧಾರಾಳ. ವ್ಯಾಸ ಸರಿಯಿಲ್ಲದಿದ್ದರೆ ಗಡಸುತನ ಎಷ್ಟಿದ್ದರೂ ಪ್ರಯೋಜನವಿಲ್ಲ. ಗ್ಲಾಕ್ ಕಂಪನಿ ತನ್ನ ಪಾಲಿಗೋನಲ್ (ಚೂಪು ಗ್ರೂವ್‌ಗಳ ಬದಲು ದುಂಡು ಅಂಚಿನ) ಬ್ಯಾರೆಲ್‌ಗಳಲ್ಲಿ ಸೀಸದ ಗುಂಡು ಬೇಡ ಅನ್ನುತ್ತದೆ. ಕೋಟೆಡ್ ಆದರೆ ಪರವಾಗಿಲ್ಲ ಅಂತ ಹೊಡೆಯುವವರು ಬಹಳ ಜನ ಇದ್ದಾರೆ, ನಾನಂತೂ ಹೊಡೆಯುವುದಿಲ್ಲ.

ಬ್ಯಾರೆಲ್‌ನಲ್ಲಿ ತಾಮ್ರ ಮೆತ್ತಿದ್ದರೆ ಮೊದಲು ಅದನ್ನು ಪೂರ್ತಿ ತೆಗೆದೇ ಕೋಟೆಡ್ ಗುಂಡಿಗೆ ಹೋಗುವುದು ನನ್ನ ಪದ್ಧತಿ. ಸೀಸ ಮೆತ್ತಿದ್ದರೆ ಹಳೆಯ ಬ್ರಷ್‌ಗೆ ಪಾತ್ರೆ ಉಜ್ಜುವ ತಾಮ್ರದ ಜುಂಗಿನ ಎಳೆಗಳನ್ನು ಬಿಗಿಯಾಗಿ ಸುತ್ತಿ ಎಳೆಯುತ್ತೇನೆ. ಕೊಳ್ಳುವ ಮುಂಚೆ ಆಯಸ್ಕಾಂತ ಹಿಡಿದು ನೋಡಬೇಕು, ಅಂಟಿಕೊಂಡರೆ ಅದು ತಾಮ್ರ ಬಳಿದ ಉಕ್ಕು. ಜಾಕೆಟ್ ಗುಂಡು ಹೊಡೆದು ಸೀಸ ತೆಗೆಯುತ್ತೇನೆ ಅನ್ನುವವರಿದ್ದಾರೆ. ಸೀಸ ದಪ್ಪಗೆ ಕಟ್ಟಿದ ಬ್ಯಾರೆಲ್‌ನಲ್ಲಿ ಅದು ಒತ್ತಡ ಏರಿಸುವ ಕೆಲಸ. ವಿನೆಗರ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ ತುಂಬುವುದು ಅದಕ್ಕಿಂತ ಕೆಟ್ಟದ್ದು. ಸೀಸ ಕರಗುತ್ತದೆ ನಿಜ, ಆದರೆ ಚರ್ಮಕ್ಕೆ ಇಳಿಯಬಲ್ಲ ವಿಷಕಾರಿ ಲೆಡ್ ಅಸಿಟೇಟ್ ಆಗಿ ಕರಗುತ್ತದೆ, ಉಕ್ಕಿಗೂ ಪೆಟ್ಟು.

ಎಳೆದು ತೆಗೆದ ಚೂರುಗಳನ್ನು ಒದ್ದೆ ಪೇಪರಿನಲ್ಲಿ ಒರೆಸಿ, ಮುಚ್ಚಳದ ಡಬ್ಬಿಗೆ ಹಾಕುತ್ತೇನೆ. ಕೈ ತೊಳೆಯುವುದು ತಣ್ಣೀರು, ಸೋಪಿನಲ್ಲಿ. ಮಕ್ಕಳ ರಕ್ತದಲ್ಲಿ ಡೆಸಿಲೀಟರ್‌ಗೆ 3.5 ಮೈಕ್ರೋಗ್ರಾಂ ಸೀಸ ಕಂಡರೇ ಗಮನಿಸಿ ಅಂತ ಇಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2021ರಿಂದ ಹೇಳುತ್ತಿದೆ. ಕೋಟಿಂಗ್ ಇದ್ದರೂ ಪ್ರೈಮರ್‌ನ ಹೊಗೆಯಲ್ಲಿ ಸೀಸ ಇದ್ದೇ ಇರುತ್ತದೆ. ಹಾಗಾಗಿ ಖಾಲಿ ಕೇಸುಗಳನ್ನು ಒಣ ಟಂಬ್ಲರ್‌ನಲ್ಲಿ (ಕೇಸು ಉರುಳಿಸಿ ಉಜ್ಜುವ ಯಂತ್ರ) ಹಾಕಿ ಧೂಳೆಬ್ಬಿಸುವುದನ್ನು ಬಿಟ್ಟು ನೀರಿನಲ್ಲೇ ತೊಳೆಯುತ್ತೇನೆ, ರೇಂಜ್‌ನ ಬಟ್ಟೆಯನ್ನು ಮನೆಯವರ ಬಟ್ಟೆ ಜೊತೆ ಮಷೀನ್‌ಗೆ ಹಾಕುವುದಿಲ್ಲ. ಬೇರೆ ಕಂಪನಿಯ ಕೇಸುಗಳ ಚೀಲ ತೆರೆದ ದಿನ ಗೋಡೆಯ ದಪ್ಪ ಬೇರೆ ಇರುತ್ತದೆ, ಅಂದು ಪುಡಿ ಮುಟ್ಟುವ ಮುಂಚೆ ಮತ್ತೆ ಒಂದು ಡಮ್ಮಿ, ಪುಲ್ಲರ್, ಮೈಕ್ರೋಮೀಟರ್.